ಟೈಗರಿನ ಕೊರಳಳತೆಯ ದಾರ

ಕಳೆದ ವಾರ ಮೂಡಿಗೆರೆ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೈ ತೊಳೆಯಲು ಹೋದೆ. ನಲ್ಲಿಯ ಮೇಲೆ ಯಾವಾಗಲೂ ಇರುವ ಹಸಿರು ಸೋಪುನೀರಿನ ಬಾಟಲಿಯ ಬದಲು ಒಂದು ತುಂಡು ಕೆಂಪು ಸೋಪು ಇಟ್ಟಿದ್ದರು. ಪಕ್ಕದಲ್ಲೇ ಅಡುಗೆಯವನು ಡಿಕಾಕ್ಷನ್ ಇಳಿಸುತ್ತಿದ್ದ. ಕೆಂಪು ಸೋಪು ಮತ್ತು ಕಾಫಿಪುಡಿ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಲ್ಲಿ ಬಿಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಹಿಂದೆ ನಿಂತವರೊಬ್ಬರು, "ಚಂದ್ರಣ್ಣ, ಕೈ ತೊಳಿತೀರೋ, ಸ್ನಾನನೇ ಮುಗಿಸ್ಕೊಂಡು ಹೋಗ್ತೀರೋ ಮಾರಾಯ್ರೇ" ಎಂದ ಮೇಲೆ ಸರಿದು ದಾರಿ ಬಿಟ್ಟೆ. ಆಮೇಲೆ ಇಡ್ಲಿಯೂ ರುಚಿಸಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಮಾರ್ಚ್ ಮಧ್ಯಾಹ್ನ, ತಾಲ್ಲೂಕು ಆಸ್ಪತ್ರೆಯ ನಲ್ಲಿಯ ಕೆಳಗೆ ನನ್ನ ಹೆಂಡತಿ ವಿಮಲಳ ಬಲಗೈ ಹಿಡಿದು, ಇಂಥದೇ ಸೋಪಿನಲ್ಲಿ ಹದಿನೈದು ನಿಮಿಷ ತೊಳೆದಿದ್ದೆ. ನಾಯಿ ಕಚ್ಚಿದ ಗಾಯ. ಅದರೊಳಗಿಂದ ಕಾಫಿಪುಡಿ ಕಪ್ಪಗೆ ಇಳಿಯುತ್ತಲೇ ಇತ್ತು. ಆ ಪುಡಿಯನ್ನು ಗಾಯಕ್ಕೆ ತುಂಬಿದವನೂ ನಾನೇ.

ನಮ್ಮದು ತೋಟದ ಸಾಮಾನಿನ ಅಂಗಡಿ. ಗಂಬೂಟು, ಟಾರ್ಪಾಲು, ಕತ್ತಿ, ಹಗ್ಗ, ಕೊಯ್ಲಿನ ಚೀಲ, ಎಲ್ಲವೂ ಸಿಗುತ್ತದೆ. ಗಲ್ಲಾದ ಮುಂದೆ ಕೂತು ಮಾತಾಡುವವನು ನಾನು. ಆದರೆ ಅಂಗಡಿಗೆ ಹೆಸರು ಬಂದದ್ದು ಹಿಂದಿನ ಕೋಣೆಯಲ್ಲಿ ದಪ್ಪ ಹೊಲಿಗೆ ಯಂತ್ರದ ಮುಂದೆ ಕೂರುವ ವಿಮಲಳಿಂದ. ಟಾರ್ಪಾಲಿಗೆ ಅಂಚು ಹೊಲೆಯುವವರು ಬೇರೆಯವರೂ ಇದ್ದಾರೆ. ನಾಯಿಗೆ ಮೊಳೆಪಟ್ಟಿ ಮಾಡುವವಳು ಈ ಸುತ್ತಿನಲ್ಲಿ ಅವಳೊಬ್ಬಳೇ. ನಮ್ಮ ಕಡೆಯ ತೋಟಗಳಿಗೆ ಚಿರತೆ ಬರುತ್ತದೆ. ಬಂದರೆ ಅದು ಬಾಯಿ ಹಾಕುವುದು ನಾಯಿಯ ಕುತ್ತಿಗೆಗೆ. ಅದಕ್ಕೇ ಎರಡು ಪದರ ಕ್ಯಾನ್ವಾಸಿನ ನಡುವೆ ಹಳೆ ಟೈರಿನ ರಬ್ಬರು ಇಟ್ಟು, ಮೊಳೆಗಳ ಮೊನೆ ಹೊರಗೆ ಚಾಚುವಂತೆ ಪಟ್ಟಿ ಮಾಡಿ ನಾಯಿಗೆ ಕಟ್ಟುತ್ತಾರೆ.

ಪಟ್ಟಿ ಸಡಿಲವಾದರೆ ಕಳಚಿಕೊಳ್ಳುತ್ತದೆ, ಬಿಗಿಯಾದರೆ ಚರ್ಮ ಕೊಯ್ಯುತ್ತದೆ. ಹಾಗಾಗಿ ತೋಟದವರು ನಾಯಿಯ ಕೊರಳಿಗೆ ಗೋಣಿದಾರ ಸುತ್ತಿ, ಅಳತೆಗೆ ಸರಿಯಾಗಿ ಗಂಟು ಹಾಕಿ ಆ ದಾರವನ್ನು ಕಳಿಸುತ್ತಾರೆ. ಪಟ್ಟಿ ಹೊಲೆದು ಕೊಟ್ಟ ಮೇಲೂ ವಿಮಲ ದಾರ ಬಿಸಾಡುವುದಿಲ್ಲ. ತೋಟದ ಹೆಸರು, ನಾಯಿಯ ಹೆಸರು ಬರೆದ ರಟ್ಟಿನ ಚೂರು ಕಟ್ಟಿ ಗೋಡೆಗೆ ನೇತುಹಾಕುತ್ತಾಳೆ. ಹಳೆ ಪಟ್ಟಿ ಸವೆದಾಗ ಮತ್ತೆ ಬೇಕಾಗುತ್ತದಂತೆ. ಪ್ರತಿ ಪಟ್ಟಿಯ ಬಕಲಿನ ಪಕ್ಕ ಕೆಂಪು ನೂಲಿನಲ್ಲಿ ಅಡ್ಡಡ್ಡ ಎರಡು ಹೊಲಿಗೆ ಹಾಕುವುದು ಅವಳ ರೂಢಿ. ವಿಮಲಮ್ಮನ ಸಹಿ ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ಆ ವರ್ಷ ನಮ್ಮ ಒಬ್ಬಳೇ ಮಗಳು ರಶ್ಮಿಯ ಮದುವೆ. ಏಪ್ರಿಲ್ ಕೊನೆಗೆ ಮುಹೂರ್ತ ಇಟ್ಟಿದ್ದೆವು. ಮಾರ್ಚಿನಲ್ಲಿ ಹೂಮಳೆ ಹದವಾಗಿ ಬಿದ್ದು ಕಾಫಿ ಗಿಡಗಳೆಲ್ಲ ಹೂ ಬಿಟ್ಟಿದ್ದವು. ಬೆಳೆಗಾರರ ಮುಖ ಅರಳಿರುವಾಗಲೇ ಕರೆದು ಬರೋಣ ಎಂದು ಪತ್ರಿಕೆ ಹಿಡಿದು ಹೊರಟೆವು. ಮೊದಲ ದಿನವೇ ಮಲ್ಲಂದೂರಿನ ಕಡೆಯ ಒಂದು ದೊಡ್ಡ ತೋಟ. ತೋಟದ ಹೆಸರು ಬೇಡ, ಈಗಲೂ ಅವರು ನಮ್ಮ ಗಿರಾಕಿ. ಸಾಹುಕಾರರು ಎಂದೇ ಕರೆಯುತ್ತೇನೆ, ನಾವು ಕರೆಯುವುದೂ ಹಾಗೆಯೇ. ರಶ್ಮಿಗೆ ಕಳಸದ ಸಂಬಂಧ ಹುಡುಕಿ ಕೊಟ್ಟವರೂ ಅವರೇ.

ನಮ್ಮಲ್ಲಿ ಮದುವೆ ಕರೆಯುವುದಕ್ಕೊಂದು ಕ್ರಮವಿದೆ. ಗಂಡ ಹೆಂಡತಿ ಇಬ್ಬರೂ ಹೋಗಬೇಕು. ಹೊಸಿಲು ದಾಟಿ ಒಳಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆಯ ಜೊತೆ ಪತ್ರಿಕೆ ಕೊಡಬೇಕು. ಗೇಟಿನಲ್ಲೇ ನಿಂತು ಕೂಗುವವರು ಸಾವಿನ ಸುದ್ದಿ ತಂದವರು ಮಾತ್ರ. ಸಾಹುಕಾರರ ಗೇಟಿನ ಮುಂದೆ ಕಾರು ನಿಲ್ಲಿಸಿದಾಗ ವಿಮಲ ಹಿತ್ತಾಳೆ ತಟ್ಟೆ ಹಿಡಿದು ಅಲ್ಲೇ ನಿಂತಳು.

"ರೀ, ಒಂದ್ಸಲ ಕೂಗಿ. ನಾಯಿ ಕಟ್ಟಿದ್ದಾರೋ ಇಲ್ವೋ."

"ಸುಮ್ನಿರು ಮಾರಾಯ್ತಿ. ಮದುವೆ ಕರಿಯೋಕೆ ಬಂದವ್ರು ಗೇಟಲ್ಲಿ ನಿಂತು ಕೂಗಿದ್ರೆ ಒಳಗಿದ್ದೋರ ಎದೆ ಒಡೀತದೆ" ಎಂದು ನಾನೇ ಚಿಲಕ ತೆಗೆದೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರೆ. ಈ ನಾಯಿ ಬೊಗಳಲೇ ಇಲ್ಲ. ಕಾಫಿ ಒಣಗಿಸುವ ಕಣದ ಆಚೆಯಿಂದ ಸದ್ದಿಲ್ಲದೆ ಓಡಿ ಬಂದು, ತಟ್ಟೆ ಹಿಡಿದ ಅವಳ ಬಲಗೈಗೆ ಬಾಯಿ ಹಾಕಿತು. ತಟ್ಟೆ ಹಾರಿತು. ಅಕ್ಷತೆ, ಕುಂಕುಮ ಅಂಗಳದ ತುಂಬ ಚೆಲ್ಲಿತು. ನಾನು ಚಪ್ಪಲಿ ಬೀಸಿದೆ, ಅಡುಗೆಯಾಕೆ ಒಳಗಿನಿಂದ ಕೋಲು ಹಿಡಿದು ಬಂದಳು. ನಾಯಿ ಬಿಟ್ಟು ಹಿತ್ತಲಿಗೆ ಓಡಿತು. ಓಡುವಾಗ ಅದರ ಕೊರಳಲ್ಲಿ ಮೊಳೆಗಳು ಹೊಳೆದದ್ದನ್ನು ನಾನು ನೋಡಿದೆ. ಕೆಂಪು ನೂಲನ್ನು ವಿಮಲ ನೋಡಿದಳು.

ರಕ್ತ ಕಂಡೊಡನೆ ನನ್ನ ಬುದ್ಧಿ ಓಡಿದ್ದು ನಮ್ಮ ಕಡೆಯವರ ಬುದ್ಧಿ ಓಡುವ ಕಡೆಗೇ. "ಕಾಫಿಪುಡಿ ತನ್ನಿ" ಎಂದೆ. ಕತ್ತಿ ತಾಗಲಿ, ಮುಳ್ಳು ಚುಚ್ಚಲಿ, ನಮಗೆ ಮೊದಲು ನೆನಪಾಗುವುದು ಅದೇ. ಅಡುಗೆಯಾಕೆ ಡಬ್ಬಿಯನ್ನೇ ತಂದಳು. ಹಿಡಿ ತುಂಬ ತೆಗೆದು ಗಾಯಕ್ಕೆ ಒತ್ತಿ, ವಿಮಲಳ ಸೆರಗಿನಿಂದಲೇ ಸುತ್ತಿದೆ. ಅಷ್ಟರಲ್ಲಿ ಸಾಹುಕಾರರು ಹೊರಗೆ ಬಂದರು.

"ಅಯ್ಯೋ, ಎಂತ ಆಗಿಹೋಯ್ತು ಇದು. ನಮ್ದಲ್ಲ ಚಂದ್ರಣ್ಣ ಅದು. ಕೂಲಿಯವ್ರ ಲೈನ್ ಮನೆ ಕಡೆ ಓಡಾಡ್ಕೊಂಡಿರೋ ಬೀದಿನಾಯಿ. ಕೆಲಸದವ್ರು ಉಳಿದ ಅನ್ನ ಹಾಕ್ತಾರೆ, ಅದಕ್ಕೆ ಬರ್ತದೆ" ಎಂದರು.

ನಾನು ತಲೆ ಆಡಿಸಿದೆ.

ಏಕೆ ಆಡಿಸಿದೆ ಎಂದು ಈಗ ಕೇಳಿದರೆ ನಾಚಿಕೆಯಾಗುತ್ತದೆ. ಶುಭಕಾರ್ಯಕ್ಕೆ ಹೊರಟವರು ಜಗಳ ಮಾಡಬಾರದು ಎಂದುಕೊಂಡೆ. ಸಂಬಂಧ ಹೇಳಿದವರ ಮನಸ್ಸು ಕಹಿಯಾದರೆ ಗಂಡಿನ ಕಡೆಗೆ ಏನು ಸುದ್ದಿ ಹೋಗುತ್ತದೋ ಎಂದು ಹೆದರಿದೆ. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಎಂದು ನಂಬಿ ಮೂವತ್ತು ವರ್ಷ ಅಂಗಡಿ ನಡೆಸಿದ ಕತ್ತು ನನ್ನದು, ಗಿರಾಕಿ ಏನೇ ಅಂದರೂ ತಾನೇ ಆಡುತ್ತದೆ. ವಿಮಲ ನನ್ನನ್ನು ಒಮ್ಮೆ ನೋಡಿದಳು. ನಾನು ಬಿದ್ದಿದ್ದ ಪತ್ರಿಕೆ ಎತ್ತಿ, ಮಣ್ಣು ಕೊಡವಿ, ಸಾಹುಕಾರರ ಕೈಗೆ ಕೊಟ್ಟೆ. "ತಪ್ಪದೆ ಬರಬೇಕು" ಎಂದೂ ಹೇಳಿದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ. ಕಾರು ತಿರುಗಿಸಿದ ಮೇಲೆ, ದಾರಿಯಲ್ಲೇ ಇರುವ ಇನ್ನೆರಡು ಮನೆ ಮುಗಿಸಿ ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದೆ. ಅವಳು ಸೆರಗು ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಅದು ಟೈಗರ್" ಎಂದಳು. "ಹೋದ ದೀಪಾವಳಿ ಸಮಯದಲ್ಲಿ ಹೊಲೆದು ಕೊಟ್ಟ ಪಟ್ಟಿ. ನೀವೂ ನೋಡಿದ್ರಿ."

"ಈಗ ಆ ಮಾತು ಬೇಡ. ಮದುವೆ ಒಂದು ಮುಗೀಲಿ" ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ನನ್ನ ಲೆಕ್ಕ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ನಾನು ಆ ಎರಡು ಮನೆಯ ಮಾತು ಬಿಟ್ಟು ಸೀದಾ ಆಸ್ಪತ್ರೆಗೆ ಕಾರು ಓಡಿಸಿದೆ.

ಆಸ್ಪತ್ರೆಯ ಸಿಸ್ಟರು ಸೆರಗು ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು. "ಇದೆಂತದು ಕಪ್ಪಗೆ?"

"ಕಾಫಿಪುಡಿ ಸಿಸ್ಟರ್. ರಕ್ತ ನಿಲ್ಲುತ್ತೆ ಅಂತ."

"ಕುಡಿಯೋದನ್ನ ಕುಡೀರಿ ಮಾರಾಯ್ರೇ. ಈ ಕಡೆಯವ್ರು ಬಂದ್ರೆ ಗಾಯ ನೋಡೋಕಿಂತ ಮೊದ್ಲು ಪುಡಿ ತೆಗೆಯೋದೇ ನಮಗೆ ಕೆಲ್ಸ. ನಲ್ಲಿ ಬಿಟ್ಟು ಸೋಪು ಹಾಕಿ ಗಡಿಯಾರ ನೋಡ್ಕೊಂಡು ಹದಿನೈದು ನಿಮಿಷ ತೊಳೀರಿ. ಹೆಂಡ್ತಿ ಕೂಗಿದ್ರೂ ಬಿಡಬೇಡಿ."

ವಿಮಲ ಕೂಗಲಿಲ್ಲ. ಹಲ್ಲು ಕಚ್ಚಿ ಗೋಡೆ ನೋಡುತ್ತ ನಿಂತಿದ್ದಳು. ಅವಳ ಕೈಯನ್ನು ನಾನು ಅಷ್ಟು ಹೊತ್ತು ಹಿಡಿದು ಎಷ್ಟು ವರ್ಷವಾಗಿತ್ತೋ. ಮೊಳೆ ಚುಚ್ಚಿದ ಹಳೆಯ ಕಲೆಗಳು, ಸೂಜಿ ತಳ್ಳಿ ತಳ್ಳಿ ದಡ್ಡುಗಟ್ಟಿದ ಬೆರಳ ತುದಿ, ಎಲ್ಲವನ್ನೂ ಮೊದಲ ಸಲ ನೋಡುವವನಂತೆ ನೋಡಿದೆ. ತೋರುಬೆರಳು ಮತ್ತು ನಡುಬೆರಳು ಮಡಿಸಲು ಬರುತ್ತಿರಲಿಲ್ಲ.

ಸಿಸ್ಟರು ರಿಜಿಸ್ಟರ್ ತೆಗೆದು, "ಸಾಕಿದ್ದಾ, ಬೀದೀದಾ?" ಎಂದು ಕೇಳಿದರು.

"ಬೀದಿನಾಯಿ" ಎಂದೆ. ಅವರು ಚೀಟಿಯಲ್ಲಿ ಹಾಗೇ ಬರೆದರು.

"ಛೆ, ಸಾಕಿದ್ದಾಗಿದ್ರೆ ಹತ್ತು ದಿನ ಕಟ್ಟಿ ಹಾಕಿ ನೋಡಿ ಅಂತಿದ್ದೆ. ಹತ್ತು ದಿನ ನಾಯಿ ಚೆನ್ನಾಗಿದ್ರೆ ನಮಗೂ ನೆಮ್ಮದಿ. ಇರ್ಲಿ, ಸೂಜಿ ಒಂದೂ ತಪ್ಪಿಸ್ಬೇಡಿ. ಇವತ್ತು, ಮೂರನೇ ದಿನ, ಏಳನೇ ದಿನ, ಆಮೇಲೆ ಇಪ್ಪತ್ತೆಂಟನೇ ದಿನ" ಎಂದರು. ಗಾಯದ ಸುತ್ತ ನಂಜು ತಡೆಯುವ ಸೀರಮ್ಮು ಚುಚ್ಚುವಾಗ ವಿಮಲಳ ಕಣ್ಣಲ್ಲಿ ನೀರು ಬಂತು. ಬೆರಳು ಮಡಿಸುವ ನರ ಹರಿದಿದೆ ಎಂದು ಜಿಲ್ಲಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅದನ್ನು ಕೂಡಿಸಿ, ಕೈ ಅಲ್ಲಾಡದ ಹಾಗೆ ದಬ್ಬೆ ಕಟ್ಟಿ, ಬೆರಳು ಎಷ್ಟು ಮಡಿಯುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದರು.

ಅಂಗಡಿಗೆ ಅಂಟಿಕೊಂಡೇ ಇರುವ ನಮ್ಮ ಮನೆಯಲ್ಲಿ ಯಂತ್ರದ ಸದ್ದು ನಿಂತಿತು. ಇಪ್ಪತ್ತೈದು ವರ್ಷದಿಂದ ಆ ಸದ್ದಿನೊಳಗೇ ಬದುಕಿದ ನನಗೆ ಅಂಗಡಿಯಲ್ಲಿ ಕೂರುವುದು ಕಷ್ಟವಾಯಿತು. ರಶ್ಮಿ ಅಡುಗೆ ಮಾಡಿದಳು, ಅಮ್ಮನ ತಲೆ ಬಾಚಿದಳು. ವಿಮಲ ಎಡಗೈಯಲ್ಲಿ ಊಟ ಮಾಡಲು ಕಲಿತಳು. ಹೆಚ್ಚು ಮಾತಿಲ್ಲ. ಜಗಳ ಮಾಡಿದ್ದರೆ ಚೆನ್ನಾಗಿತ್ತು, ನನಗೆ ಜಗಳದಲ್ಲಿ ಅನುಭವವಿದೆ.

ಒಂಬತ್ತನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದವನು ಬಾಗಿಲಲ್ಲೇ ನಿಂತೆ. ವಿಮಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಇದ್ದಳು. ಎಡಗೈಯಲ್ಲಿ ನೀರಿನ ಚೊಂಬು. ಅದರೊಳಗಿನ ನೀರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಗುಟುಕು ಕುಡಿದು, ಗಂಟಲ ಮೇಲೆ ಕೈಯಿಟ್ಟುಕೊಂಡು ಕಾದಳು. "ಇಳೀತು" ಎಂದು ತನಗೇ ಹೇಳಿಕೊಂಡು ಗೋಡೆಗೆ ಒರಗಿದಳು. ಹುಚ್ಚುನಾಯಿಯ ನಂಜು ಏರಿದವರು ನೀರು ಕಂಡರೆ ಬೆಚ್ಚುತ್ತಾರೆ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ದಿನಾ ಬೆಳಿಗ್ಗೆ ಅವಳು ಹೀಗೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳೆಂದು ಆಗ ನನಗೆ ಹೊಳೆಯಿತು. ಮಗಳ ಮದುವೆ ನೋಡಲು ಇರುತ್ತೇನೋ ಇಲ್ಲವೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದಳು. ನಾಯಿ ಬದುಕಿದೆಯೋ ಇಲ್ಲವೋ ಎಂಬುದೊಂದು ತಿಳಿದರೆ ಈ ಹೆದರಿಕೆ ಮುಗಿಯುತ್ತಿತ್ತು. ಅದನ್ನು ತಿಳಿಯುವ ದಾರಿ ನಾನು ತಲೆ ಆಡಿಸಿದ ಗಳಿಗೆಯಲ್ಲೇ ಮುಚ್ಚಿಹೋಗಿತ್ತು. ನಾನು ಸದ್ದು ಮಾಡದೆ ಒಳಗೆ ಬಂದು ಅಂಗಡಿಯ ಮೂಲೆಯಲ್ಲಿ ಕೂತು ಅತ್ತೆ.

ಅಂದೇ ಆ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದೆ. ಅವರು ದನಿ ತಗ್ಗಿಸಿ, "ಟೈಗರಾ? ಅವತ್ತು ಸಂಜೆನೇ ಜೀಪಲ್ಲಿ ಹಾಕಿ ಕಳಸದ ಕಡೆ ಇನ್ನೊಂದು ತೋಟಕ್ಕೆ ಕಳಿಸಿದ್ರು. ನಾ ಹೇಳ್ದೆ ಅನ್ಬೇಡಿ ಚಂದ್ರಣ್ಣ" ಎಂದರು. ಬದುಕಿದೆಯಾ ಎಂದರೆ ಅವರಿಗೂ ಗೊತ್ತಿಲ್ಲ. ಸಾಹುಕಾರರಿಗೇ ಫೋನ್ ಮಾಡಿದೆ. "ಯಾವ ನಾಯಿ?" ಎಂದರು. ನಾನು ಸಂಕೋಚದಿಂದ ಫೋನ್ ಇಟ್ಟೆ.

ಹೆಜ್ಜೆ ಮುಂದಿಟ್ಟವಳು ವಿಮಲ. ಹದಿನೈದನೆಯ ದಿನವೋ ಏನೋ, ಗೋಡೆಯ ದಾರಗಳ ಗೊಂಚಲಿನಿಂದ ಒಂದನ್ನು ಎಡಗೈಯಲ್ಲೇ ಬಿಡಿಸಿ ತೆಗೆದು ಬ್ಯಾಗಿಗೆ ಹಾಕಿಕೊಂಡಳು. "ಕೋರ್ಟಿನ ಹತ್ರ ಉಚಿತ ಕಾನೂನು ನೆರವು ಅಂತ ಬೋರ್ಡಿದೆ. ಹೆಂಗಸರಿಗೆ ಫೀಸಿಲ್ಲವಂತೆ. ರಶ್ಮಿ ಜೊತೆ ಹೋಗ್ತೀನಿ. ನಿಮಗೆ ಬರೋಕೆ ಮುಜುಗರ ಆದ್ರೆ ಬರ್ಬೇಡಿ" ಎಂದಳು. ನಾನು ಕಾರಿನ ಕೀಲಿ ತೆಗೆದುಕೊಂಡೆ.

ಅಲ್ಲಿದ್ದ ವಕೀಲರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಿಮಲಳ ದಬ್ಬೆ ಕಟ್ಟಿದ ಕೈ ನೋಡಿದೊಡನೆ ಎದ್ದು ತಾವೇ ಕುರ್ಚಿ ಎಳೆದು ಕೊಟ್ಟರು. ಎಲ್ಲ ಕೇಳಿ, ನಿಧಾನವಾಗಿ ಬಿಡಿಸಿ ಹೇಳಿದರು.

"ನಾಯಿ ಸಾಕಿದವ್ರು ಅದನ್ನ ಹದ್ದುಬಸ್ತಲ್ಲಿ ಇಟ್ಕೊಳ್ಳಲೇಬೇಕಮ್ಮ. ಅಜಾಗ್ರತೆ ಮಾಡಿದ್ರೆ ಅದು ಅಪರಾಧನೂ ಹೌದು, ಆಮೇಲೆ ಚಿಕಿತ್ಸೆ ಖರ್ಚು, ನಿಂತ ದುಡಿಮೆ, ಬೆರಳಿಗೆ ಆದ ಊನ, ಎಲ್ಲದಕ್ಕೂ ನೀವು ಪರಿಹಾರ ಕೇಳ್ಬೋದು. ಬೀದಿನಾಯಿ ಆದ್ರೂ ಕೇಳೋ ಹಕ್ಕಿದೆ, ತಟ್ಟೋ ಬಾಗ್ಲು ಮಾತ್ರ ಬೇರೆ. ಕೇಸು ಹಾಕೋಕೆ ಮುಂಚೆನೇ ಇಬ್ರನ್ನೂ ಕೂರಿಸಿ ಮಾತಾಡಿಸೋ ದಾರಿನೂ ಇದೆ. ನಿಮಗೆ ಮುಖ್ಯವಾಗಿ ಏನು ಬೇಕು?"

"ನಾಯಿ ಬದುಕಿದ್ಯಾ ಅಂತ ಗೊತ್ತಾಗ್ಬೇಕು" ಎಂದಳು ವಿಮಲ.

ವಕೀಲರು ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಆಮೇಲೆ ಆಸ್ಪತ್ರೆಯ ಚೀಟಿ ತಿರುಗಿಸಿ, "ಇದ್ರಲ್ಲಿ ಬೀದಿನಾಯಿ ಅಂತಿದ್ಯಲ್ಲ. ಹೀಗೆ ಹೇಳಿದ್ದು ಯಾರು?" ಎಂದು ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಕಾಲರಿಗೆ ಹೋಯಿತು. ವಿಮಲ ನನ್ನ ಕಡೆ ತಿರುಗಲಿಲ್ಲ.

"ಗಡಿಬಿಡಿಲಿ ಯಾರೋ ಹಾಗಂದ್ರು ಮೇಡಂ" ಎಂದಳು.

"ನಾಯಿ ಅವ್ರದ್ದೇ ಅನ್ನೋಕೆ ಸಾಕ್ಷಿ?"

"ದಾರ ಇದೆ" ಎಂದು ಮೇಜಿನ ಮೇಲೆ ಇಟ್ಟಳು. ತೋಟದ ಹೆಸರು, ಕೆಳಗೆ ಟೈಗರ್ ಎಂದು ಅವಳದೇ ಗುಂಡನೆಯ ಅಕ್ಷರ. ನನ್ನ ಗಂಡ ನೋಡಿದ್ದಾರೆ ಎಂದು ಅವಳು ಹೇಳಲಿಲ್ಲ. ನಾನು ಪಕ್ಕದಲ್ಲೇ ಕೂತಿದ್ದೆ, ಆದರೂ ಅವಳು ನಂಬಿದ್ದು ಗೋಣಿದಾರವನ್ನು.

ಸಾಹುಕಾರರಿಗೆ ಕರೆ ಹೋಯಿತು. ಎರಡೂ ಕಡೆಯವರು ಕೂತು ಮಾತಾಡುವ ದಿನ ನಿಗದಿಯಾಯಿತು. ಕಚ್ಚಿ ಮೂರು ವಾರ ಕಳೆದಿತ್ತು, ಕೊನೆಯ ಸೂಜಿ ಬಾಕಿ ಇತ್ತು. ಕೋರ್ಟಿನಲ್ಲೇ ಒಂದು ಸಣ್ಣ ಕೋಣೆ. ಮಧ್ಯಸ್ಥಿಕೆಗೆ ಕೂತವರು ವಯಸ್ಸಾದ ಒಬ್ಬ ವಕೀಲರು. ಸಾಹುಕಾರರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ನನ್ನನ್ನು ನೋಡಿ ನಕ್ಕರು. ದಾರವನ್ನು ಬೆರಳಲ್ಲಿ ಎತ್ತಿ ನೋಡಿ ಕೆಳಗಿಟ್ಟರು.

"ದಾರ ಯಾವ ನಾಯಿದೂ ಆಗ್ಬೋದು ಸಾರ್. ಚಂದ್ರಣ್ಣನೇ ಅಲ್ಲಿದ್ರು, ಅವ್ರನ್ನೇ ಕೇಳಿ. ಬೀದಿನಾಯಿ ಅಂತ ಅವ್ರೂ ಒಪ್ಪಿದ್ರು, ಆಸ್ಪತ್ರೆಲೂ ಅವ್ರೇ ಹಾಗೆ ಬರೆಸಿದ್ದಾರೆ. ನಾವು ಇವತ್ತು ನೆನ್ನೆಯ ಪರಿಚಯದೋರಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು, ವಿಮಲಳ ಹೊರತು. ಅವಳು ಮೇಜಿನ ಮೇಲಿನ ದಾರ ನೋಡುತ್ತಿದ್ದಳು. ನನಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಗಿತ್ತು, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ. ಮೂವತ್ತು ವರ್ಷದ ಗಿರಾಕಿ, ಮಗಳ ಸಂಬಂಧ, ಊರಿನ ಬಾಯಿ, ಎಲ್ಲ ಕಣ್ಣೆದುರು ಬಂತು. ಚೊಂಬು ಹಿಡಿದು ನಿಂತವಳೂ ಬಂದಳು.

"ಅದು ಟೈಗರ್" ಎಂದೆ. "ಕೊರಳಲ್ಲಿ ನಮ್ಮ ಅಂಗಡಿ ಪಟ್ಟಿ ಇತ್ತು, ನಾನೇ ಕಣ್ಣಾರೆ ನೋಡಿದ್ದೀನಿ. ಅವತ್ತು ತಲೆ ಆಡಿಸಿದ್ದು ಸುಳ್ಳು. ಆಸ್ಪತ್ರೆಲಿ ಬರೆಸಿದ್ದೂ ಸುಳ್ಳು. ಯಾರೋ ಹೇಳಿದ್ದಲ್ಲ, ನಾನೇ ಹೇಳಿದ್ದು. ಸಾಹುಕಾರ್ರೇ, ಬೇರೆ ಎಲ್ಲ ಆಮೇಲೆ ನೋಡ್ಕೊಳ್ಳೋಣ. ನಾಯಿ ಬದುಕಿದ್ಯಾ, ಅದೊಂದು ಹೇಳಿ. ಇವಳು ದಿನಾ ಬೆಳಿಗ್ಗೆ ಚೊಂಬಲ್ಲಿ ನೀರು ನೋಡ್ಕೊಂಡು ನಿಂತಿರ್ತಾಳೆ."

ವಿಮಲ ಥಟ್ಟನೆ ತಿರುಗಿ ನನ್ನನ್ನು ನೋಡಿದಳು.

ಸಾಹುಕಾರರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಬದುಕಿದೆ" ಎಂದರು ಕೊನೆಗೆ. "ಚೆನ್ನಾಗಿದೆ ವಿಮಲಮ್ಮ. ನೆನ್ನೆನೂ ಫೋನ್ ಮಾಡಿ ಕೇಳಿದ್ದೀನಿ, ಅನ್ನ ತಿಂತದೆ, ನೀರು ಕುಡೀತದೆ. ಅದಕ್ಕೆ ಈ ವರ್ಷದ ಲಸಿಕೆ ಹಾಕ್ಸಿರ್ಲಿಲ್ಲ. ಗೊತ್ತಾದ್ರೆ ಕೇಸಾಗ್ತದೆ, ನಾಯಿನ ಕೊಂಡೊಯ್ತಾರೆ ಅಂತ ಹೆದರ್ದೆ. ಎರಡು ನಾಯಿ ಚಿರತೆ ಪಾಲಾಗಿತ್ತು, ಉಳಿದಿದ್ದು ಇದೊಂದೇ. ನಿಮ್ಮ ಜೀವದ ಹೆದರಿಕೆ ನಂಗೆ ಹೊಳೀಲೇ ಇಲ್ಲ. ತಪ್ಪಾಯ್ತು."

ವಿಮಲ ಎಡಗೈಯಲ್ಲಿ ಮುಖ ಮುಚ್ಚಿಕೊಂಡಳು. ಮಧ್ಯಸ್ಥಿಕೆಯ ಹಿರಿಯರು ನೀರಿನ ಲೋಟ ಮುಂದಿಟ್ಟರು. ಅವಳು ಅದನ್ನು ನೋಡಲೂ ಇಲ್ಲ, ಒಂದೇ ಉಸಿರಿಗೆ ಕುಡಿದು ಮುಗಿಸಿದಳು.

ಒಪ್ಪಂದ ಬರೆಯುವಾಗ ಆಸ್ಪತ್ರೆ ಖರ್ಚು, ಯಂತ್ರ ನಿಂತ ದಿನಗಳು, ಬೆರಳಿನ ಊನ ಎಲ್ಲ ಸೇರಿತು, ಸಾಹುಕಾರರು ಚೌಕಾಸಿ ಮಾಡಲಿಲ್ಲ. ವಿಮಲ ತನ್ನದೇ ಷರತ್ತುಗಳನ್ನೂ ಸೇರಿಸಿದಳು. ವರ್ಷ ವರ್ಷ ನಾಯಿಗೆ ಲಸಿಕೆ ಹಾಕಿಸಬೇಕು, ಹಗಲು ಕಟ್ಟಿರಬೇಕು, ಗೇಟಿಗೊಂದು ಗಂಟೆ ತೂಗುಹಾಕಬೇಕು. ಗಂಟೆ ಯಾಕಮ್ಮ ಎಂದು ವಕೀಲರು ಕೇಳಿದರೆ, "ಮದುವೆ ಕರಿಯೋರು ಗೇಟಲ್ಲಿ ಕೂಗೋ ಹಾಗಿಲ್ವಲ್ಲ ಮೇಡಂ. ಗಂಟೆ ಹೊಡೆದ್ರೆ ಯಾರ ಎದೆನೂ ಒಡೆಯಲ್ಲ" ಎಂದಳು. ಅದು ನನಗೇ ಎಂದು ಕೋಣೆಯಲ್ಲಿ ನನ್ನೊಬ್ಬನಿಗೆ ಗೊತ್ತಾಯಿತು.

ಎರಡು ದಿನ ಬಿಟ್ಟು ಸಾಹುಕಾರರ ಜೀಪು ಅಂಗಡಿಯ ಮುಂದೆ ನಿಂತಿತು. ಹಿಂದೆ ಸರಪಳಿಯಲ್ಲಿ ಟೈಗರ್. ವಿಮಲ ಮೆಟ್ಟಿಲು ಇಳಿಯಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ದೂರದಿಂದಲೇ ನೋಡಿದಳು. ನಾಯಿ ಮಾತ್ರ ಏನೂ ಗೊತ್ತಿಲ್ಲದ ಹಾಗೆ ಬಾಲ ಆಡಿಸುತ್ತಿತ್ತು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಚೊಂಬು ಕಾಣಲಿಲ್ಲ. ಇಪ್ಪತ್ತೆಂಟನೆಯ ದಿನದ ಸೂಜಿಗೆ ಇಬ್ಬರೂ ನಡೆದುಕೊಂಡೇ ಹೋದೆವು. ಬರುವಾಗ ಅವಳು ಕೇಳಿದಳು.

"ನೀರು ನೋಡೋದು ನಿಮಗೆ ಯಾವಾಗ ಗೊತ್ತಾಯ್ತು?"

"ಒಂಬತ್ತನೇ ದಿನ."

"ಗೊತ್ತಿದ್ದೂ ಅಷ್ಟು ದಿನ ಸುಮ್ನಿದ್ರಾ?"

ನಾನು ತಲೆ ಆಡಿಸಿದೆ. ಅವಳು ರಸ್ತೆಯ ನಡುವೆಯೇ ನಿಂತಳು. "ತಲೆ ಆಡಿಸ್ಬೇಡಿ. ಇನ್ಮೇಲೆ ನನ್ನ ಹತ್ರ ಏನಿದ್ರೂ ಬಾಯಲ್ಲಿ ಹೇಳಿ."

"ಹೌದು, ಸುಮ್ನಿದ್ದೆ. ತಪ್ಪು ಮಾಡ್ದೆ" ಎಂದೆ. ಅಷ್ಟು ಹೇಳಿದ ಮೇಲೆ ಅವಳು ಮತ್ತೆ ನಡೆದಳು.

ಮದುವೆ ಗೊತ್ತುಮಾಡಿದ ದಿನವೇ ನಡೆಯಿತು. ಗಂಡಿನ ಕಡೆಯವರು ಕೇಳಿದ್ದು ವಿಮಲಳ ಕೈ ಹೇಗಿದೆ ಎಂದು ಮಾತ್ರ. ಧಾರೆ ಎರೆಯುವಾಗ ಅವಳ ಬಲಗೈಗೆ ಬಿಂದಿಗೆ ಹಿಡಿಯಲು ಬರಲಿಲ್ಲ, ನಾನು ಕೆಳಗೆ ಕೈಕೊಟ್ಟೆ. ರಶ್ಮಿ ಅಮ್ಮನ ಬೆರಳುಗಳನ್ನೇ ನೋಡುತ್ತ ಅತ್ತಳು. ಸಾಹುಕಾರರು ಬಂದು ಹಿಂದಿನ ಸಾಲಿನಲ್ಲಿ ಕೂತು, ಉಂಡು, ವಿಮಲಳಿಗೆ ಕೈ ಮುಗಿದು ಹೋದರು.

ಮಳೆಗಾಲ ಹಿಡಿದ ಮೇಲೆ ಬೆರಳುಗಳ ಕೆಲಸ ಶುರುವಾಯಿತು. ಬೋಗುಣಿಯಲ್ಲಿ ಅಕ್ಕಿ ತುಂಬಿ ಅದರೊಳಗೆ ಕೈ ಹಾಕಿ ಹಿಡಿಯಬೇಕು, ಬಿಡಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಅಕ್ಕಿ ಕೈಗೆ ಅಂಟುತ್ತದೆ ಎಂದು ವಿಮಲ ಗೊಣಗಿದಳು. ಅದು ಹೇಗೆ ಕಿವಿಗೆ ಬಿತ್ತೋ, ಸಾಹುಕಾರರು ಒಂದು ಚೀಲ ಪಾರ್ಚ್‌ಮೆಂಟ್ ಕಳಿಸಿದರು. ತೆಳ್ಳನೆಯ ಹೊಟ್ಟಿನ ಸಮೇತ ಒಣಗಿಸಿದ ಆ ಕಾಫಿಬೀಜ ನುಣ್ಣಗೆ, ಹಗುರವಾಗಿ ಕೈಯಿಂದ ಜಾರುತ್ತದೆ. ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳು ಬೋಗುಣಿಯಲ್ಲಿ ಕೈ ಮುಳುಗಿಸುತ್ತಿದ್ದಳು, ನಾನು ಎದುರು ಕೂತು ಎಣಿಸುತ್ತಿದ್ದೆ. ಮೊದಮೊದಲು ಒಂದು ಬೀಜವೂ ನಿಲ್ಲುತ್ತಿರಲಿಲ್ಲ. ಜೂನ್ ಕೊನೆಗೆ ಮೂರು ಬೀಜ ಹಿಡಿದು ಮೇಲೆತ್ತಿದಾಗ ಆ ಮೂರನ್ನೂ ನನ್ನ ಅಂಗೈಗೆ ಹಾಕಿದಳು. ಅವು ಇವತ್ತಿಗೂ ಗಲ್ಲಾದ ಮೂಲೆಯಲ್ಲಿವೆ.

ಎರಡೂ ಬೆರಳು ಪೂರ್ತಿ ಮಡಿಯಲೇ ಇಲ್ಲ. ಅವಳು ಸೂಜಿಯನ್ನು ಹೆಬ್ಬೆರಳು ಉಂಗುರ ಬೆರಳಿನ ನಡುವೆ ಹಿಡಿಯಲು ಕಲಿತಳು. ಕೆಂಪು ನೂಲಿನ ಸಹಿ ಸ್ವಲ್ಪ ಸೊಟ್ಟಗೆ ಬರುತ್ತದೆ. ನಾಯಿ ಬೊಗಳಿದರೆ ಇವತ್ತಿಗೂ ನನ್ನ ತೋಳು ಹಿಡಿಯುತ್ತಾಳೆ.

ಕಳೆದ ವಾರ ಆ ಹೋಟೆಲಿನಿಂದ ಅಂಗಡಿಗೆ ಬಂದಾಗ ಹಿಂದಿನ ಕೋಣೆಯಲ್ಲಿ ಯಂತ್ರ ಓಡುತ್ತಿತ್ತು. ಹೊರಗೆ ಮಳೆ. ಮೇಜಿನ ಮೇಲೆ ಎರಡು ದಾರ ಪಕ್ಕ ಪಕ್ಕ ಇದ್ದವು, ಒಂದು ಕೋರ್ಟಿನ ಕೋಣೆಗೆ ಹೋಗಿ ಬಂದದ್ದು, ಇನ್ನೊಂದು ಹೊಸದು. ಸಾಹುಕಾರರು ಈ ವರ್ಷದ ಲಸಿಕೆಯ ಕಾಗದದ ಜೊತೆಗೇ ಕಳಿಸಿದ್ದರು. ಹೊಸ ದಾರದ ಗಂಟು ಒಂದು ಬೆರಳಿನಷ್ಟು ಒಳಗಿತ್ತು.

"ಟೈಗರಿಗೆ ವಯಸ್ಸಾಯ್ತು" ಎಂದಳು ವಿಮಲ. "ಕೊರಳು ಸೊರಗಿದೆ ಪಾಪ. ಹಳೇ ಪಟ್ಟಿ ಕಳಚಿ ಬೀಳ್ತದಂತೆ."

ಅವಳು ದಪ್ಪ ಕ್ಯಾನ್ವಾಸನ್ನು ಸೂಜಿಯ ಕೆಳಗೆ ತಳ್ಳಿ, ನಿಲ್ಲಿಸಿ, ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಒತ್ತಿಕೊಂಡಳು. ಮಳೆಗಾಲದಲ್ಲಿ ಹೀಗೆ ಮಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

"ನೋಯ್ತದಾ?" ಎಂದು ಕೇಳಿದೆ.

ಇಲ್ಲ ಎಂದು ತಲೆ ಆಡಿಸಿದಳು.

"ತಲೆ ಆಡಿಸ್ಬೇಡ. ಬಾಯಲ್ಲಿ ಹೇಳು."

ಅವಳು ಯಂತ್ರದಿಂದ ಕಾಲು ತೆಗೆದು ನನ್ನನ್ನು ನೋಡಿದಳು. ಆಮೇಲೆ ಸಣ್ಣಗೆ ನಕ್ಕು, ಆ ಕೈಯನ್ನು ನನ್ನ ಕಡೆ ಚಾಚಿದಳು.

"ನೋಯ್ತದೆ" ಎಂದಳು.

ನಾನು ಅಟ್ಟದಿಂದ ಕಾಫಿಬೀಜದ ಬೋಗುಣಿ ಇಳಿಸಿದೆ.